ಅಳಲು ಹಾಡಾಗುವ ಬಗೆ

ಆಟಿ ತಿಂಗಳ ಮಳೆ ಎಡೆಬಿಡದೆ ಸುರಿಯುವಾಗ ಅಳದಂಗಡಿಯ ಸುತ್ತಲ ತೋಟಗಳಲ್ಲಿ ಕೊಳೆರೋಗ ತಗಲಿದ ಎಳೆಯಡಿಕೆ ಉದುರುತ್ತದೆ. ವರ್ಷದ ದುಡಿಮೆ ಮಣ್ಣುಪಾಲಾಗುವುದನ್ನು ಕಂಡ ಕೃಷಿಕನಿಗೆ ನಿದ್ದೆ ಬಾರದು. 2019ರ ಆಗಸ್ಟ್‌ನಲ್ಲಿ ಬೆಳ್ತಂಗಡಿ ತಾಲ್ಲೂಕಿನ ನದಿಗಳು ಉಕ್ಕಿ ಹರಿದ ನೆನಪು ಇನ್ನೂ ಮಾಸಿಲ್ಲ. ಇನ್ನು ಆಪ್ತರನ್ನು ಕಳೆದುಕೊಂಡ ಮನೆಯ ಮೌನವನ್ನು ಅಳೆಯುವವರಾರು? ಇಂಥ ಹೊತ್ತಿನಲ್ಲಿ ಕಾವ್ಯದಿಂದ ಏನಾದೀತು ಎಂಬ ಪ್ರಶ್ನೆ ಸಹಜವೇ.

ಜೈನಧರ್ಮ ದುಃಖವನ್ನು ಅಲ್ಲಗಳೆಯುವುದಿಲ್ಲ. ಇಷ್ಟವಾದುದರ ಅಗಲಿಕೆಯನ್ನೇ ನೆನೆನೆನೆದು ಅಲ್ಲಿಯೇ ಸುತ್ತುವ ಮನಸ್ಸಿನ ಸ್ಥಿತಿಯನ್ನು ಅದು ಆರ್ತಧ್ಯಾನವೆಂದು ಗುರುತಿಸುತ್ತದೆ. ಅದರಿಂದ ಬಿಡಿಸಿಕೊಳ್ಳಲು ಹನ್ನೆರಡು ಅನುಪ್ರೇಕ್ಷೆಗಳನ್ನು ಬೋಧಿಸುತ್ತದೆ. ಮೊದಲನೆಯದು ಅನಿತ್ಯ: ಯಾವುದೂ ಹೀಗೆಯೇ ಉಳಿಯದು. ಎರಡನೆಯದು ಅಶರಣ: ಹೊರಗಿನ ಯಾವುದೂ ಕೊನೆಯವರೆಗೆ ಕಾಯದು. ‘ನನಗೇ ಏಕೆ ಹೀಗಾಯಿತು’ ಎಂದು ಆರ್ತಧ್ಯಾನ ಕೇಳಿದರೆ, ‘ಲೋಕದ ಸ್ವಭಾವವೇನು’ ಎಂದು ಅನುಪ್ರೇಕ್ಷೆ ಕೇಳುತ್ತದೆ. ಮೊದಲ ಪ್ರಶ್ನೆಯಿಂದ ಎರಡನೆಯದಕ್ಕೆ ದಾಟಿಸುವ ಕಾಲುಸಂಕವೇ ಕಾವ್ಯ.

ನಮ್ಮ ನೆರೆಯ ಮೂಡುಬಿದಿರೆಯ ರತ್ನಾಕರವರ್ಣಿ ಈ ಸಂಕವನ್ನು ದಾಟಿದ ಕವಿ. 16ನೆಯ ಶತಮಾನದ ಈತನ ‘ಭರತೇಶ ವೈಭವ’ ಸುಮಾರು 10 ಸಾವಿರ ಪದ್ಯಗಳ ಕಾವ್ಯ. ಸಾಮಾನ್ಯರೂ ಹಾಡಿಕೊಳ್ಳಬಹುದಾದ ಸಾಂಗತ್ಯದಲ್ಲಿದೆ. ಕೃತಿಯನ್ನು ಆನೆಯ ಮೇಲೆ ಮೆರೆಸಬೇಕೆಂಬ ಆತನ ಹಂಬಲ ಈಡೇರಲಿಲ್ಲ. ಕೆಲವು ಮಾತು ಆಗಮಕ್ಕೆ ಒಪ್ಪುವುದಿಲ್ಲವೆಂದು ಗುರುಗಳು ತಡೆದರಂತೆ. ನೊಂದ ಕವಿ ಮತವನ್ನೇ ತೊರೆದು, ಮುಂದೆ ಮರಳಿ ಬಂದನೆಂದು ಐತಿಹ್ಯ ಹೇಳುತ್ತದೆ. ಐತಿಹ್ಯದ ವಿವರಗಳೆಲ್ಲ ಇತಿಹಾಸವಲ್ಲದಿರಬಹುದು. ಆದರೆ ಆತನ ಶತಕಗಳಲ್ಲಿ ಕೇಳುವುದು ಲೋಕದ ಮೇಲಿನ ದೂರಲ್ಲ. ಜಿನೇಶ್ವರನನ್ನು ಎದುರಿಗಿಟ್ಟುಕೊಂಡು ತನ್ನ ಮನಸ್ಸನ್ನೇ ತಿದ್ದಿಕೊಳ್ಳುವ ದನಿ. ಆತನ ಭರತ ಚಕ್ರವರ್ತಿಯೂ ಅರಮನೆಯ ನಡುವೆ ಇದ್ದುಕೊಂಡೇ ಆತ್ಮದ ಕಡೆ ಕಣ್ಣಿಟ್ಟವನು.

ಎಲ್ಲರೂ ಕವಿಗಳಾಗಲಾರರು. ಅಂಥವರಿಗೆ 10ನೆಯ ಶತಮಾನದ ಅತ್ತಿಮಬ್ಬೆ ದಾರಿ ತೋರಿದ್ದಾಳೆ. ಯುದ್ಧದಲ್ಲಿ ಪತಿ ನಾಗದೇವ ಮಡಿದ. ಅವನನ್ನೇ ವರಿಸಿದ್ದ ತಂಗಿ ಗುಂಡಮಬ್ಬೆ ಸಹಗಮನ ಮಾಡಿದಳು. ಒಮ್ಮೆಗೇ ಇಬ್ಬರನ್ನು ಕಳೆದುಕೊಂಡ ಅತ್ತಿಮಬ್ಬೆ ಎಳೆಯ ಮಗನಿಗಾಗಿ ಬದುಕನ್ನು ಆರಿಸಿಕೊಂಡಳು. ಪೊನ್ನನ ‘ಶಾಂತಿಪುರಾಣ’ದ 1000 ಓಲೆಪ್ರತಿಗಳನ್ನು ಮಾಡಿಸಿ ಹಂಚಿದಳು. ಅವಳ ಆಶ್ರಯದಲ್ಲಿ ರನ್ನ 993ರಲ್ಲಿ ‘ಅಜಿತಪುರಾಣ’ವನ್ನು ರಚಿಸಿದ. ತನ್ನ ಮನೆಯ ದೀಪ ಆರಿದರೂ ಓಲೆಗಳ ಮೂಲಕ ಸಾವಿರ ಮನೆಗಳಲ್ಲಿ ದೀಪ ಹಚ್ಚಿದ ತಾಯಿ ಅವಳು. ಶಾಸ್ತ್ರದಾನ ಅವಳ ಪಾಲಿಗೆ ಶೋಕದಿಂದ ಹೊರಬರುವ ಬಾಗಿಲೂ ಆಯಿತೆನ್ನಬಹುದು.

ಅಳದಂಗಡಿ ಅಜಿಲ ಅರಸುಮನೆತನದ ನೆಲೆ. ಆ ವಂಶದ ತಿಮ್ಮಣ್ಣರಸ 1604ರಲ್ಲಿ ವೇಣೂರಿನಲ್ಲಿ 35 ಅಡಿಯ ಬಾಹುಬಲಿಯನ್ನು ನಿಲ್ಲಿಸಿದ. ಅರಸೊತ್ತಿಗೆ ಕಾಲದಲ್ಲಿ ಕರಗಿತು. ಮೂರ್ತಿ ಮಳೆಗಾಳಿಗೆ ಮೈಯೊಡ್ಡಿ ಇಂದಿಗೂ ನಿಂತಿದೆ. ಆ ಕಲ್ಲೂ ಒಂದು ದಿನ ಸವೆಯಬಹುದು. ಅದು ಕಲಿಸಿದ ಸಮಭಾವ ಕಂಡವರ ಎದೆಯಲ್ಲಿ ಉಳಿಯುತ್ತದೆ.

ಆದುದರಿಂದ ನೊಂದ ಮನಸ್ಸನ್ನು ‘ಅಳಬೇಡ’ ಎಂದು ಗದರಿಸದಿರೋಣ. ಸಂಜೆಯ ಣಮೋಕಾರದ ಬಳಿಕ ಮನೆಯವರೆಲ್ಲ ಕುಳಿತು ನಾಲ್ಕು ಸಾಂಗತ್ಯ ಪದ್ಯಗಳನ್ನು ಹಾಡೋಣ. ಹಾಡಲಾಗದಿದ್ದರೆ ಅಳಲನ್ನು ಎರಡು ಸಾಲಾಗಿ ಬರೆದಿಡೋಣ. ಛಂದಸ್ಸು ತಪ್ಪಿದರೆ ಬಾಧಕವಿಲ್ಲ. ಬರೆದ ಕ್ಷಣದಲ್ಲಿ ದುಃಖ ಎದುರಿಗೆ ಬರುತ್ತದೆ, ನಾವು ಅದನ್ನು ನೋಡುವವರಾಗುತ್ತೇವೆ. ಆ ನೋಡುವವನೇ ಆತ್ಮ. ಅವನನ್ನು ಯಾವ ನೆರೆಯೂ ಕೊಚ್ಚಿಕೊಂಡು ಹೋಗಲಾರದು.