ಉರು ಹಾಕಿದ ಹಡಗು

ಉದ್ದನೆಯ ರಟ್ಟಿನ ಡಬ್ಬಿಯೊಳಗೆ ಹತ್ತಿ ಹಾಸಿ, ಅರ್ಧ ಕಟ್ಟಿದ ಹಡಗೊಂದನ್ನು ಅದರಲ್ಲಿ ಮಲಗಿಸಿ, ಮಡಿಲಲ್ಲಿಟ್ಟುಕೊಂಡು ಮಂಗಳೂರಿನಲ್ಲಿ ರೈಲು ಹತ್ತಿದೆ. ಎದುರು ಕೂತಿದ್ದ ಅಜ್ಜಿ ಕಾಸರಗೋಡು ದಾಟುವವರೆಗೆ ತಡೆದುಕೊಂಡರು. ಆಮೇಲೆ, "ಮರಿ ಉಂಟಾ ಅದರಲ್ಲಿ?" ಅಂತ ಕೇಳಿಯೇ ಬಿಟ್ಟರು. ಮುಚ್ಚಳ ತೆಗೆದು ತೋರಿಸಿದೆ. "ಓ, ಮಂಜಿ!" ಎಂದರು. ಹಳೆ ಬಂದರಿನ ಕಡೆಯವರಿರಬೇಕು. ಅಲ್ಲಿಂದ ಲಕ್ಷದ್ವೀಪಕ್ಕೆ ಸಾಮಾನು ಹೊತ್ತು ಹೋಗುವ ಮರದ ಹಡಗಿಗೆ ನಮ್ಮ ಕಡೆ ಮಂಜಿ ಎಂದೇ ಹೆಸರು. ನಾನು ಹೊರಟಿದ್ದ ಊರಿನಲ್ಲಿ ಅದನ್ನು ಉರು ಎನ್ನುತ್ತಾರೆ.

ಆ ಊರು ಬೇಪೂರು. ಕೋಝಿಕ್ಕೋಡಿನಿಂದ ದಕ್ಷಿಣಕ್ಕೆ ಹತ್ತು ಕಿಲೋಮೀಟರ್, ಚಾಲಿಯಾರ್ ನದಿ ಸಮುದ್ರ ಸೇರುವ ಜಾಗ. ನಾನು ಇಳಿದದ್ದು ಅದಕ್ಕೂ ಹತ್ತಿರದ ಫರೋಕ್‌ನಲ್ಲಿ. ಟಿಪ್ಪು ಇಟ್ಟ ಫರೂಕಾಬಾದ್ ಎಂಬ ಹೆಸರು ಜನರ ಬಾಯಲ್ಲಿ ಸವೆದು ಇಷ್ಟಾಗಿದೆ. ಬೇಪೂರಿಗೂ ಅವನು ಸುಲ್ತಾನ್ ಪಟ್ಟಣಂ ಎಂದು ಹೆಸರಿಟ್ಟಿದ್ದ. ಅದು ನಿಲ್ಲಲಿಲ್ಲ. ಈಗ ಬೇಪೂರಿನ ಸುಲ್ತಾನ ಎಂದರೆ ಇಲ್ಲಿಯೇ ಬಾಳಿ 1994ರಲ್ಲಿ ತೀರಿಕೊಂಡ ವೈಕಂ ಮುಹಮ್ಮದ್ ಬಷೀರ್ ಒಬ್ಬರೇ.

ಆಟೋದವನು ನದಿ ದಂಡೆಯಲ್ಲಿ ಬಿಟ್ಟ. ಮರ ಕೊಯ್ದ ವಾಸನೆ ಮೊದಲು, ಮೀನಿನದು ಆಮೇಲೆ. ಚಪ್ಪರದ ಕೆಳಗೆ ಉರುವೊಂದು ನಿಂತಿದೆ. ಮೂತಿಯ ಕಡೆಯಿಂದ ನೋಡಿದರೆ ಎರಡು ಮಹಡಿ ಮನೆಯಷ್ಟು ಎತ್ತರ. ಹಲಗೆಗಳ ಸಂದಿಯಲ್ಲಿ ಎಣ್ಣೆಯಲ್ಲಿ ಅದ್ದಿದ ಹತ್ತಿಯ ಹುರಿಯನ್ನು ಒಬ್ಬ ಹುಡುಗ ಉಳಿ ಇಟ್ಟು ಬಡಿದು ತುರುಕುತ್ತಿದ್ದ. ನೀರು ಒಳಗೆ ಬಾರದಿರಲು ಇಷ್ಟೇ ಉಪಾಯ. ಹಿಂದೆ ಹಲಗೆಗೆ ಹಲಗೆಯನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿಯುತ್ತಿದ್ದರು, ಈಗ ಉದ್ದುದ್ದ ಕಬ್ಬಿಣದ ಮೊಳೆ. ಮರ ಮುಖ್ಯವಾಗಿ ತೇಗ. ಚಾಲಿಯಾರ್ ನದಿಯ ಮೇಲ್ದಂಡೆಯಲ್ಲೇ ನಿಲಂಬೂರು, 1840ರ ದಶಕದಲ್ಲಿ ತೇಗವನ್ನು ತೋಟ ಮಾಡಿ ಬೆಳೆದ ಊರು. ಕಡಿದ ದಿಮ್ಮಿಗಳು ನದಿಯಲ್ಲೇ ತೇಲಿ ಕೆಳಗೆ ಬರುತ್ತಿದ್ದ ಕಾಲವಿತ್ತು. ಹಡಗು ಕಟ್ಟುವ ಊರು ಇಲ್ಲೇ ಯಾಕೆ ಹುಟ್ಟಿತು ಎಂಬುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ನಕ್ಷೆ ಎಲ್ಲಿ ಎಂದು ಕೇಳಬಾರದು ಅಂತ ಗೊತ್ತಿದ್ದೂ ಕೇಳಿದೆ. ಹಿರಿಯ ಬಡಗಿ, ಅಲ್ಲಿನ ಮಾತಿನಲ್ಲಿ ಆಶಾರಿ, ತಲೆಗೆ ಕಟ್ಟಿದ್ದ ತೋರ್ತು ಬಿಚ್ಚಿ ಕೊಡವಿ, ಮತ್ತೆ ಕಟ್ಟಿಕೊಂಡರು. ಉತ್ತರ ಅಷ್ಟೇ. ಕಾಗದದ ಮೇಲೆ ಏನೂ ಇಲ್ಲ. ಅಳತೆ ಕೋಲು ಮತ್ತು ವಿರಲು ಲೆಕ್ಕದಲ್ಲಿ: ಒಂದು ಕೋಲಿಗೆ ಇಪ್ಪತ್ತನಾಲ್ಕು ವಿರಲು, ಸುಮಾರು 72 ಸೆಂಟಿಮೀಟರ್. ಅಡಿತೊಲೆ ಎಷ್ಟು ಕೋಲು ಎಂದು ತೀರ್ಮಾನವಾದರೆ ಉಳಿದದ್ದೆಲ್ಲ ಅದರಿಂದಲೇ ಹೊರಡುತ್ತದೆ, ಅದೂ ತಲೆಯೊಳಗೇ. ಕನ್ನಡದಲ್ಲಿ ನಾವು ಮಗ್ಗಿಯನ್ನು ಉರು ಹಾಕುತ್ತೇವೆ. ಇವರು ಹಡಗನ್ನೇ ಹಾಕಿದ್ದಾರೆ. ಎರಡು ಪದಗಳಿಗೆ ನಂಟೇನೂ ಇರಲಿಕ್ಕಿಲ್ಲ, ಆದರೆ ಆ ಚಪ್ಪರದ ಕೆಳಗೆ ನಿಂತಾಗ ಉಂಟು ಅಂತಲೇ ಅನಿಸುತ್ತದೆ.

ನನಗೆ ಬೇಕಾದದ್ದು ಆ ದೊಡ್ಡ ಹಡಗಲ್ಲ, ಅದರ ಹಿಂದಿನ ಶೆಡ್ಡು. ದೊಡ್ಡ ಉರುವಿನ ಆರ್ಡರ್ ಕೊಲ್ಲಿ ದೇಶಗಳಿಂದ ಬರಬೇಕು, ಅದು ಯಾವಾಗಲೂ ಬರುವುದಿಲ್ಲ. ಆ ನಡುವಿನ ದಿನಗಳಲ್ಲಿ ಅಕ್ಕಿ ಬೇಯಿಸುವುದು ಮರಿ ಉರುಗಳು. ಶೆಡ್ಡಿನ ಹಲಗೆಯ ಮೇಲೆ ಅವು ಸಾಲಾಗಿ ನಿಂತಿದ್ದವು. ಎರಡೂ ತುದಿ ಚೂಪಾದ ಬೂಮ್. ಹಿಂಭಾಗ ಚಪ್ಪಟೆಯಾಗಿ, ಕಿಟಕಿ ಕೆತ್ತನೆಗಳಿಂದ ಮದುವೆ ಮನೆಯಂತೆ ಸಿಂಗರಿಸಿಕೊಂಡ ಬಗ್ಲಾ. ಅರಬಿಯಲ್ಲಿ ಆ ಹೆಸರಿಗೆ ಹೇಸರಗತ್ತೆ ಎಂದರ್ಥ, ಹೊರುವ ಕೆಲಸದಿಂದ ಬಂದ ಹೆಸರು. ಸಂಬೂಕ್, ಕೋಟಿಯ. ಕೆಲವು ಅಂಗೈಯಗಲ, ಒಂದೆರಡನ್ನು ಎತ್ತಲು ಇಬ್ಬರು ಬೇಕು. ಅಂಗೈಯಗಲದವು ಪ್ರವಾಸಿಗರಿಗೆ, ಅವುಗಳಲ್ಲಿ ನನಗೆ ಆಸಕ್ತಿಯಿಲ್ಲ. ಒಂದೇ ತುಂಡು ಮರ ಕೊರೆದು, ಮೇಲೆ ಹಲಗೆಯ ಗೆರೆ ಗೀರಿದ್ದು. ದೊಡ್ಡದರಲ್ಲಿ ಮಾತ್ರ ಹಲಗೆಗೆ ಹಲಗೆ ಕೂಡಿಸಿ, ನಿಜ ಉರುವಿನ ಕ್ರಮದಲ್ಲೇ ಕಟ್ಟಿದ್ದಾರೆ. ಕಟ್ಟಿದವರು ಅರವತ್ತು ದಾಟಿದ ಒಬ್ಬ ಆಶಾರಿ. ಮೂವತ್ತು ವರ್ಷ ಹೊರಗಿನ ಚಪ್ಪರದಲ್ಲಿ ದುಡಿದು, ಮೊಣಕಾಲು ಕೈಕೊಟ್ಟ ಮೇಲೆ ಒಳಗೆ ಕೂತವರು.

ಡಬ್ಬಿ ತೆರೆದೆ.

ಇಲ್ಲಿ ನಮ್ಮ ಮಂಗಳೂರಿನ ಕೂಟದ ಬಗ್ಗೆ ಎರಡು ಮಾತು. ನಾವು ನಾಲ್ವರು: ಒಬ್ಬರು ನಿವೃತ್ತ ಬ್ಯಾಂಕ್ ಮ್ಯಾನೇಜರ್, ಒಬ್ಬರು ಹಲ್ಲಿನ ಡಾಕ್ಟರ್, ಒಬ್ಬ ಎಂಜಿನಿಯರಿಂಗ್ ಹುಡುಗ, ಮತ್ತೆ ನಾನು. ತಿಂಗಳಿಗೊಂದು ಭಾನುವಾರ ಯಾರದಾದರೂ ಮನೆಯ ಜಗಲಿಯಲ್ಲಿ ಸೇರುತ್ತೇವೆ. ಇರುವುದು ಒಂದೇ ನಿಯಮ: ಮುಗಿದ ಹಡಗು ತರುವಂತಿಲ್ಲ. ವಾರ್ನಿಶ್ ಬಿದ್ದ ಮೇಲೆ ಎಲ್ಲರೂ "ಲಾಯ್ಕಾಗಿದೆ" ಎನ್ನುವವರೇ. ಪಕ್ಕೆಲುಬು ಕಾಣುತ್ತಿರುವಾಗ ತಂದರೆ ಮಾತ್ರ ಜಗಳ ಹುಟ್ಟುತ್ತದೆ, ಹಡಗು ಸುಧಾರಿಸುತ್ತದೆ. ಡಾಕ್ಟರು ಹಲ್ಲಿನ ಮೊನೆ ಉಜ್ಜುವ ಸಣ್ಣ ಡ್ರಿಲ್ಲಿನಲ್ಲಿ ಹಗ್ಗದ ರಾಟೆಗೆ ತೂತು ಕೊರೆಯುತ್ತಾರೆ. ಅಸೂಯೆಪಡುವಂಥ ಕೈ.

ನನ್ನದು 1:48ರ ಬೂಮ್. ಅಡಿಗೆ ಕಾಲಂಗುಲ, ಹಾಗಾಗಿ 120 ಅಡಿಯ ಹಡಗು 30 ಅಂಗುಲಕ್ಕೆ ಇಳಿಯುತ್ತದೆ. ಹಲಗೆ ಮಾತ್ರ ತೇಗದ್ದಲ್ಲ, ಚನ್ನಪಟ್ಟಣದ ಗೊಂಬೆ ಮಾಡುವ ಆಲೆ ಮರದ್ದು. ಅದಕ್ಕೆ ಕಾರಣವುಂಟು. ಹಡಗನ್ನು ನಲವತ್ತೆಂಟು ಪಾಲು ಚಿಕ್ಕದು ಮಾಡಬಹುದು, ಮರದೊಳಗಿನ ಗೆರೆಯನ್ನು ಮಾಡಲಾಗುವುದಿಲ್ಲ. ತೇಗದ ಗೆರೆ ಮರಿ ಹಡಗಿನ ಮೇಲೆ ಗೇಣಗಲದ ಪಟ್ಟೆಯಂತೆ ಎದ್ದು ಕಾಣುತ್ತದೆ. ಆಲೆ ಮರದ್ದು ಬಿಳಿ, ನುಣುಪು, ಗೆರೆ ಇದೆಯೋ ಇಲ್ಲವೋ ಎಂಬಂತೆ.

ಆಶಾರಿ ಮರವನ್ನು ಮೊದಲು ಮೂಸಿದರು, ಆಮೇಲೆ ಉಗುರಿನಲ್ಲಿ ಒತ್ತಿದರು. "ಗೊಂಬೆ ಮರ," ಎಂದರು. ಹೊಗಳಿದ್ದೋ ಅಲ್ಲವೋ ತಿಳಿಯಲಿಲ್ಲ. ಒಳಗೆ ಬೆರಳಾಡಿಸಿ ಕೇಳಿದರು, "ಪಕ್ಕೆ ಮೊದಲು ನಿಲ್ಲಿಸಿದ್ದಾ?"

"ಹೌದು ಚೇಟ್ಟಾ. ಪುಸ್ತಕದಲ್ಲಿ ಹಾಗೇ ಇದೆ."

"ನಮ್ಮಲ್ಲಿ ಹಲಗೆ ಮೊದಲು. ಹಲಗೆ ಎಲ್ಲಿಗೆ ಬಾಗ್ತದೆ ಅಂತ ನೋಡಿ, ಅದಕ್ಕೆ ತಕ್ಕ ಹಾಗೆ ಪಕ್ಕೆ ಕೆತ್ತಿ ಒಳಗೆ ಕೂರಿಸುವುದು. ನೀವು ಪಕ್ಕೆಗೆ ಹಲಗೆಯನ್ನು ಎಳೆದು ಕಟ್ಟಿದ್ದೀರಿ. ಅದಕ್ಕೆ ಸಿಟ್ಟು ಬಂದಿದೆ."

ಒಂದು ಕಣ್ಣು ಮುಚ್ಚಿ ಹಡಗನ್ನು ಮೂತಿಯಿಂದ ನೋಡಿದರು, ತಿರುಗಿಸಿ ಹಿಂದಿನಿಂದ ನೋಡಿದರು. "ಎಡಗಡೆ ಉಂಡಿದೆ ಸಾರೇ. ಬಲಗಡೆ ಉಪವಾಸ."

ನಾಲ್ಕು ತಿಂಗಳ ಹಿಂದೆ ಡಾಕ್ಟರು ಇದನ್ನೇ ಹೇಳಿದ್ದರು, "ಏನೋ ಒಂದು ದವಡೆ ಊದಿದ ಹಾಗಿದೆ" ಎಂದು. ಜಗಲಿಯ ಬೆಳಕೇ ಓರೆ ಎಂದು ನಾನು ವಾದಿಸಿದ್ದೆ. ಬೇಪೂರಿನಲ್ಲಿ ಬೆಳಕು ನೇರವಾಗಿಯೇ ಇತ್ತು.

ಆಮೇಲಿನ ಎರಡು ತಾಸು ಅವರು ಹಲಗೆ ಬಾಗಿಸುವುದನ್ನು ತೋರಿಸಿದರು. ತೆಳು ಪಟ್ಟಿಯನ್ನು ಒದ್ದೆ ಮಾಡಿ, ದೀಪದ ಉರಿಯ ಮೇಲೆ ಅತ್ತಿತ್ತ ಆಡಿಸುತ್ತ, ಬೆರಳಲ್ಲೇ ಮರದ ಮನಸ್ಸು ಕೇಳುತ್ತ ಬಾಗಿಸುವುದು. ಅವಸರ ಮಾಡಿದರೆ ಸಿಡಿಯುತ್ತದೆ. ನಾನು ಮೂರು ಮುರಿದೆ. ಅವರು ಮುರಿಯಲಿಲ್ಲ, ಆದರೆ ಒಂದನ್ನು ನೋಡಿ ಬದಿಗೆ ಎಸೆದರು. ಯಾಕೆಂದು ಈಗಲೂ ನನಗೆ ಗೊತ್ತಾಗಿಲ್ಲ.

ಚಹಾ ಬಂದಾಗ ಮಾತು ಕೌಂಡಿನ್ಯದ ಕಡೆ ಹೊರಳಿತು. ಅಜಂತಾದ ಐದನೇ ಶತಮಾನದ ಚಿತ್ರವೊಂದನ್ನೇ ಆಧಾರವಾಗಿಟ್ಟುಕೊಂಡು, ಕೇರಳದ ಬಾಬು ಶಂಕರನ್ ಅವರ ಮುಂದಾಳ್ತನದಲ್ಲಿ ನಾರಿನಿಂದ ಹೊಲಿದು ಕಟ್ಟಿದ ಹಡಗು ಅದು. ನಕ್ಷೆ ಅದಕ್ಕೂ ಇರಲಿಲ್ಲ. ಹಾಗಾಗಿ ಮೊದಲು ಒಂದು ಮಾದರಿಯನ್ನು ಐಐಟಿ ಮದ್ರಾಸಿನಲ್ಲಿ ನೀರಿಗೆ ಬಿಟ್ಟು ಪರೀಕ್ಷಿಸಿದರು. 2025ರ ಮೇ 21ರಂದು ನಮ್ಮ ಕಾರವಾರದಲ್ಲಿ ನೌಕಾಪಡೆಗೆ ಸೇರಿತು, ಡಿಸೆಂಬರಿನಲ್ಲಿ ಪೋರಬಂದರಿನಿಂದ ಮಸ್ಕತ್ತಿಗೆ ಹೊರಟಿತು. ಹಾಯಿಯ ಮೇಲೆ ಗಂಡಭೇರುಂಡ ಇದೆ ಎಂದು ನಾನು ಹೆಮ್ಮೆಯಿಂದ ಹೇಳಿದೆ. ಆಶಾರಿಗೆ ಹಕ್ಕಿಯಲ್ಲಿ ಆಸಕ್ತಿ ಇರಲಿಲ್ಲ. ಹೊಲಿಗೆ ಎಷ್ಟು ವಿರಲಿಗೊಂದು ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಹೊರಗೆ ಖಲಾಸಿಗಳ ದಾವರ್ ಬಿಸಿಲಿಗೆ ಒಣಗುತ್ತಿತ್ತು. ಮರದ ರಾಟೆ, ಅದಕ್ಕೆ ಹಗ್ಗ. ಇಷ್ಟರಲ್ಲೇ, ಹಾಡು ಕಟ್ಟಿ ಎಳೆಯುತ್ತ, ಮುಗಿದ ಉರುವನ್ನು ಅವರು ನದಿಗಿಳಿಸುತ್ತಾರೆ. 1988ರ ಜುಲೈಯಲ್ಲಿ ಬೆಂಗಳೂರಿನಿಂದ ಹೊರಟ ಐಲ್ಯಾಂಡ್ ಎಕ್ಸ್‌ಪ್ರೆಸ್ ಪೆರುಮಣ್ ಸೇತುವೆಯಿಂದ ಅಷ್ಟಮುಡಿ ಹಿನ್ನೀರಿಗೆ ಬಿದ್ದಾಗ ಬೋಗಿಗಳನ್ನು ಮೇಲೆತ್ತಲು ಹೋದವರಲ್ಲಿ ಈ ಊರಿನ ಖಲಾಸಿಗಳೂ ಇದ್ದರು. ಮರಿ ಉರುಗಳ ಶೆಡ್ಡಿನಲ್ಲಿ ದಾವರ್‌ದೂ ಒಂದು ಮರಿ ಇತ್ತು, ಬೆರಳಲ್ಲಿ ತಿರುಗಿಸಿದರೆ ನಿಜವಾಗಿಯೂ ದಾರ ಸುತ್ತುವಂಥದ್ದು. ಮಾರುವುದಿಲ್ಲ ಎಂದರು.

ಹೊರಡುವ ಮೊದಲು ಕೇಳಿದರು, "ತೆಗೆಯಲಾ?" ಏನನ್ನು ಎಂದು ನಾನು ಕೇಳುವಷ್ಟರಲ್ಲಿ ಸಣ್ಣ ಉಳಿ ಎಡಗಡೆಯ ಹಲಗೆಯ ಕೆಳಗೆ ಹೋಗಿಯಾಗಿತ್ತು. ಒಂದು, ಎರಡು, ಮೂರು. ಮೂರು ವಾರದ ಕೆಲಸ ಮೂರು ನಿಮಿಷದಲ್ಲಿ ಎದ್ದು ಬಂತು, ಒಂದೂ ಮುರಿಯದೆ. ಮಲಯಾಳಂ ಪೇಪರಿನಲ್ಲಿ ಸುತ್ತಿ ಕೊಟ್ಟರು. "ಬಿಸಾಡಬೇಡಿ. ಹೊಸದಕ್ಕೆ ಅಳತೆ ಬೇಕಲ್ಲ."

ಸಂಜೆಯ ರೈಲಿನಲ್ಲಿ ಡಬ್ಬಿಯ ಮುಚ್ಚಳ ತೆಗೆದು ನೋಡುತ್ತಲೇ ಡಾಕ್ಟರಿಗೆ ಫೋನ್ ಮಾಡಿದೆ. ಹಲಗೆ ಕಿತ್ತದ್ದನ್ನು ಹೇಳಿದೆ.

"ಯಾವ ಕಡೆಯದ್ದು?" ಎಂದಷ್ಟೇ ಕೇಳಿದರು.