ಸಂಶಯದ ಕಣ್ಣು

ಘಟಪ್ರಭೆ ಮಲಪ್ರಭೆಗಳ ನಡುವಣ ನಾಡಿನಲ್ಲಿ ನೆಲೆನಿಂತ ರೈತನಂತೆ ಊರಿಂದೂರಿಗೆ ತಿರುಗುವವರೂ ಬೇಕಾದವರೇ ಆಗಿದ್ದರು. ಲಂಬಾಣಿಗರ ಎತ್ತಿನ ಹಿಂಡುಗಳು ಉಪ್ಪು, ಕಾಳುಕಡಿಗಳನ್ನು ಹೊತ್ತು ತರುತ್ತಿದ್ದವು. ಹುನಗುಂದ, ಇಳಕಲ್ಲುಗಳ ಸಂತೆಗೆ ಕೊರವರು ಬುಟ್ಟಿ, ಕಸಬರಿಗೆಗಳನ್ನು ತರುತ್ತಿದ್ದರು. ಮದುವೆಯ ಹಂದರದಲ್ಲಿ ಸನಾದಿ ಊದುತ್ತಿದ್ದರು. ಬೆಲೆಗಾಗಿ ಅವರೊಡನೆ ಜಗಳವಾಡಿದ ಒಕ್ಕಲಿಗನೇ ಮರುಸಂತೆಯಲ್ಲಿ ಅವರಿಗಾಗಿ ಕಾಯುತ್ತಿದ್ದನು.

ಆದರೆ ಆಳುವವರ ದೃಷ್ಟಿ ಬೇರೆ. ಎಲ್ಲವೂ ಲೆಕ್ಕದ ಪುಸ್ತಕದೊಳಗೆ, ಅಪ್ಪಣೆಯ ಗೆರೆಯೊಳಗೆ ಇರಬೇಕೆಂಬ ಮನೋಭಾವಕ್ಕೆ, ಗೆರೆಗೆ ಸಿಗದವನು ಅಪರಿಚಿತನಷ್ಟೇ ಅಲ್ಲ, ಅಪಾಯಕಾರಿಯೂ ಹೌದು. 1857ರಲ್ಲಿ ಬ್ರಿಟಿಷರು ನಿಶ್ಶಸ್ತ್ರೀಕರಣದ ಕಾಯಿದೆಯನ್ನು ಹೊರಡಿಸಿದರು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರಿಗೆ ಆಯುಧವೆಂದರೆ ಬದುಕು, ಮಾನ. ಅವರು ಅದನ್ನು ಒಪ್ಪಿಸಲಿಲ್ಲ. ಸೈನ್ಯ ಬಂದಿತು, ಊರು ಸುಟ್ಟಿತು, ಸೆರೆಸಿಕ್ಕವರಲ್ಲಿ ಹಲವರು ಗಲ್ಲಿಗೇರಿದರು. ಮೊದಲು ಸಂಶಯ, ಆ ಸಂಶಯದಿಂದ ಅಪ್ಪಣೆ, ಅಪ್ಪಣೆಗೆ ಪ್ರತಿಭಟನೆ. ಕೊನೆಗೆ ಆ ಪ್ರತಿಭಟನೆಯೇ ಸಂಶಯಕ್ಕೆ ಸಾಕ್ಷಿ!

1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯಿದೆ ಬಂದಿತು. ಕಸುಬು ಜಾತಿಯಿಂದ ಬರುವ ದೇಶದಲ್ಲಿ ಕಳ್ಳತನವೂ ಹುಟ್ಟಿನಿಂದಲೇ ಬರುವುದೆಂಬುದು ಅದರ ಹಿಂದಿನ ವಾದ. ತರ್ಕವೆಂದು ಕರೆಯಲೂ ನಾಚಿಕೆಯಾಗುವ ವಾದವಿದು. ಮೊದಲು ಉತ್ತರ ಭಾರತದಲ್ಲಿ ಜಾರಿಯಾದ ಈ ಕ್ರಮವು 1911ರ ಹೊಸ ಕಾಯಿದೆಯ ಮೂಲಕ ಮುಂಬಯಿ ಪ್ರಾಂತಕ್ಕೂ ವ್ಯಾಪಿಸಿತು. ಆಗ ಬಾಗಲಕೋಟೆ, ಬಾದಾಮಿ, ಹುನಗುಂದಗಳು ಅದೇ ಪ್ರಾಂತದ ವಿಜಾಪುರ ಜಿಲ್ಲೆಗೆ ಸೇರಿದ್ದವು. ಕೊರವರು, ಗಂಟಿಚೋರರು, ಹರಣಶಿಕಾರಿಗಳು, ಛಪ್ಪರಬಂದರು ಮೊದಲಾದ ಜನವರ್ಗಗಳ ಮೇಲೆ ಇದರ ನೆರಳು ಬಿದ್ದಿತು. ಹೆಸರು ನೋಂದಾಯಿಸಬೇಕು, ಬೆರಳಚ್ಚು ಕೊಡಬೇಕು, ಗೊತ್ತಾದ ವೇಳೆಗೆ ಹಾಜರಿ ಹೇಳಬೇಕು. ವಿಜಾಪುರ, ಹುಬ್ಬಳ್ಳಿ, ಗದಗುಗಳಲ್ಲಿ ಇಂಥವರನ್ನು ಕೂಡಿಹಾಕಲು 'ಸೆಟ್ಲಮೆಂಟು'ಗಳೆದ್ದವು. ರೋಗಿ ತಾಯಿಯನ್ನು ನೋಡಲು ಪರವಾನಿಗೆಯಿಲ್ಲದೆ ಹೋದವನೂ ಅಪರಾಧಿಯೇ. ಅಂಥ ಅಪರಾಧಗಳ ಸಂಖ್ಯೆ ಬೆಳೆದಷ್ಟೂ ಕಾಯಿದೆ ಅವಶ್ಯವೆಂಬ ನಂಬಿಕೆಯೂ ಬೆಳೆಯದಿರುವುದೆಂತು?

ಇನ್ನೊಂದು ಸಂಗತಿಯೂ ಇದೆ. 1880ರ ದಶಕದಲ್ಲಿ ಗದಗ-ಹೋಟಗಿ ರೈಲುಮಾರ್ಗವು ಬಾದಾಮಿ, ಬಾಗಲಕೋಟೆಗಳ ಮೂಲಕ ಹಾದುಹೋಯಿತು. ಎತ್ತಿನ ಬೆನ್ನಿನ ವ್ಯಾಪಾರ ಕುಗ್ಗಿತು. ಹೊಟ್ಟೆಪಾಡು ಕಳೆದುಕೊಂಡು ಅಲೆಯುವವನ ಹಸಿವು ಯಾವ ದಫ್ತರಿನಲ್ಲಿಯೂ ದಾಖಲಾಗಲಿಲ್ಲ. ಅಲೆದಾಟ ಮಾತ್ರ ದಾಖಲಾಯಿತು.

ಇದು ಒಂದು ದೇಶದ, ಒಂದು ಕಾಲದ ರೋಗವಲ್ಲ. ಹಿಟ್ಲರನ ಕಾಲದ ಘೋರ ಹತ್ಯೆಗಳ ಹಿನ್ನೆಲೆಯಲ್ಲಿ ಅಡೋರ್ನೊ ಮೊದಲಾದ ವಿದ್ವಾಂಸರು ಅಮೆರಿಕದಲ್ಲಿ ನಡೆಸಿದ ಅಧ್ಯಯನವು 1950ರಲ್ಲಿ ಪ್ರಕಟವಾಯಿತು. ಮೇಲಿನವರಿಗೆ ಕುರುಡಾಗಿ ತಲೆಬಾಗುವ, ರೂಢಿಯನ್ನು ಮೀರಿದವರನ್ನು ದಂಡಿಸಬೇಕೆನ್ನುವ ಮನಸ್ಸು ಅಲ್ಪಸಂಖ್ಯಾತರನ್ನು ಸುಲಭವಾಗಿ ದ್ವೇಷಿಸುತ್ತದೆಂದು ಅವರು ಗುರುತಿಸಿದರು. ಅವರ ವಿಧಾನವನ್ನು ಮುಂದೆ ಹಲವರು ಆಕ್ಷೇಪಿಸಿದರೂ ಪ್ರಶ್ನೆ ಉಳಿದುಕೊಂಡಿತು. ಅಂಥ ಮನಸ್ಸು ಅಧಿಕಾರಿಯಲ್ಲಿ ಮಾತ್ರವಿರುವುದಿಲ್ಲ. ಊರಲ್ಲಿ ಕಳವಾದೊಡನೆ ಬಯಲಿನ ಗುಡಿಸಲುಗಳತ್ತ ತಿರುಗುವ ನೆರೆಯವನ ಕಣ್ಣಿನಲ್ಲಿಯೂ ಅದು ಇದೆ.

1952ರ ಆಗಸ್ಟ್ 31ರಂದು ಭಾರತ ಸರ್ಕಾರವು ಕಾಯಿದೆಯನ್ನು ರದ್ದುಗೊಳಿಸಿತು. ಅಂದಿನಿಂದ ಈ ಜನರಿಗೆ ವಿಮುಕ್ತರೆಂದು ಹೆಸರಾಯಿತು. ಆದರೆ 'ಗಂಟಿಚೋರ' ಎಂಬ ಹೆಸರಿನಲ್ಲಿ ಚೋರ ಶಬ್ದವು ಹಾಗೆಯೇ ಉಳಿದಿದೆ. ಆ ಸಮುದಾಯದ ಮಗು ಶಾಲೆಗೆ ಸೇರುವಾಗ ಜಾತಿಯ ಅಂಕಣದಲ್ಲಿ ಅದನ್ನೇ ಬರೆಸಬೇಕಾಗುತ್ತದೆ.