ವಾಸ್ಪ್-43ಬಿ: ಕಿರುನಕ್ಷತ್ರದ ಸಮೀಪದ ಬಿಸಿಗುರು ಮತ್ತು ಅದರ ಅಳತೆ

ಯುಗಾದಿಯ ಸುಮಾರಿಗೆ, ರಾತ್ರಿ ಹತ್ತು ಹನ್ನೊಂದು ಗಂಟೆಯ ಹೊತ್ತಿನಲ್ಲಿ, ಮಘಾ ನಕ್ಷತ್ರವು ನೆತ್ತಿಯ ಬಳಿಗೆ ಬಂದಿರುತ್ತದೆ. ಅಲ್ಲಿಂದ ದಕ್ಷಿಣಕ್ಕೆ ಸುಮಾರು 22 ಡಿಗ್ರಿ ಇಳಿದರೆ, ಬರಿಗಣ್ಣಿಗೆ ಹೆಚ್ಚೇನೂ ಕಾಣದ ಸೆಕ್ಸ್‌ಟನ್ಸ್ ಎಂಬ ಮಂದ ರಾಶಿ ಸಿಗುತ್ತದೆ. ಬೆಳಗಾವಿ ಜಿಲ್ಲೆಯ ಸದಲಗಾದಂತಹ ಊರಿನಿಂದ ನೋಡುವವರಿಗೆ ಈ ಭಾಗವು ದಕ್ಷಿಣ ದಿಗಂತದಿಂದ ಸುಮಾರು 63 ಡಿಗ್ರಿ ಎತ್ತರದಲ್ಲಿರುತ್ತದೆ. ವೀಕ್ಷಣೆಗೆ ಇದಕ್ಕಿಂತ ಅನುಕೂಲವಾದ ಸ್ಥಾನವನ್ನು ಬಯಸಬೇಕಾಗಿಲ್ಲ. ಆದರೆ ಅಲ್ಲಿರುವ ವಾಸ್ಪ್-43 ಎಂಬ ನಕ್ಷತ್ರದ ಕಾಂತಿಮಾನ ಕೇವಲ 12.4. ದೂರದರ್ಶಕದ ನೆರವಿಲ್ಲದೆ ಅದು ಯಾರಿಗೂ ಕಾಣದು. ಬಾಹ್ಯಗ್ರಹಗಳ ಅಧ್ಯಯನದಲ್ಲಿ ಈ ಕಿರುನಕ್ಷತ್ರಕ್ಕೆ ದೊರೆತಿರುವ ಸ್ಥಾನವು ಅದರ ಮಂದಕಾಂತಿಗೆ ಹೋಲಿಸಿದರೆ ಬಹು ದೊಡ್ಡದು.

ನಕ್ಷತ್ರದ ದ್ರವ್ಯರಾಶಿ ಸೂರ್ಯನ ಸುಮಾರು ಶೇಕಡ 70ರಷ್ಟು. ತ್ರಿಜ್ಯವೂ ಸೂರ್ಯನ ಮೂರನೆಯ ಎರಡು ಭಾಗ. ಬಣ್ಣದಲ್ಲಿ ಅದು ಕಿತ್ತಳೆ. ದಕ್ಷಿಣ ಆಫ್ರಿಕದಿಂದ ನಡೆದ ವಾಸ್ಪ್ ಸಮೀಕ್ಷೆಯ ಕೋಯಲ್ ಹೆಲಿಯರ್ ಮತ್ತು ಸಂಗಡಿಗರು 2011ರಲ್ಲಿ ಅದರ ಗ್ರಹವನ್ನು ಪ್ರಕಟಿಸಿದರು. ಗುರುಗ್ರಹದ ಇಮ್ಮಡಿ ದ್ರವ್ಯರಾಶಿಯುಳ್ಳ, ಗಾತ್ರದಲ್ಲಿ ಮಾತ್ರ ಹೆಚ್ಚುಕಡಿಮೆ ಗುರುವಿನಷ್ಟೇ ಇರುವ ಈ ಅನಿಲದೈತ್ಯವು ತನ್ನ ನಕ್ಷತ್ರದಿಂದ ಕೇವಲ 23 ಲಕ್ಷ ಕಿಲೋಮೀಟರ್ ದೂರದಲ್ಲಿದೆ. ಸೂರ್ಯನಿಂದ ಬುಧನಿಗಿರುವ ಸರಾಸರಿ ದೂರದ ಇಪ್ಪತ್ತೈದನೆಯ ಒಂದು ಭಾಗವಿದು. ಆದ್ದರಿಂದ ಅದರ ಒಂದು 'ವರ್ಷ' ಹತ್ತೊಂಬತ್ತೂವರೆ ಗಂಟೆಗಳಲ್ಲಿ ಮುಗಿದುಹೋಗುತ್ತದೆ.

ಅಂತಾರಾಷ್ಟ್ರೀಯ ಖಗೋಳ ಒಕ್ಕೂಟವು 2022ರಲ್ಲಿ ಆರಂಭಿಸಿದ ನಾಮಕರಣ ಯೋಜನೆಯ ಫಲವಾಗಿ ಈ ನಕ್ಷತ್ರಕ್ಕೆ 'ನೋಮನ್' ಎಂದೂ ಗ್ರಹಕ್ಕೆ 'ಆಸ್ಟ್ರೋಲಾಬೊಸ್' ಎಂದೂ ಹೆಸರು ಬಂದಿದೆ. ಭಾರತೀಯ ಜ್ಯೋತಿಷ ಪರಂಪರೆಯಲ್ಲಿ ಮೊದಲನೆಯದು ನೆರಳನ್ನು ಅಳೆಯುವ ಶಂಕು. ಎರಡನೆಯದು, ಜೈನ ಜ್ಯೋತಿರ್ವಿದ ಮಹೇಂದ್ರಸೂರಿಯು 1370ರಲ್ಲಿ ಗ್ರಂಥವನ್ನೇ ರಚಿಸಿದ ಯಂತ್ರರಾಜ. ಹೆಸರು ಆಕಸ್ಮಿಕವಾದರೂ ಅನ್ವರ್ಥವಾಗಿದೆ. ಏಕೆಂದರೆ ಈ ಗ್ರಹದ ಬಗ್ಗೆ ತಿಳಿದಿರುವುದರಲ್ಲಿ ಬಹುಪಾಲು ನೆರಳಿನ ಲೆಕ್ಕದಿಂದಲೇ ಬಂದದ್ದು.

2004 ಮತ್ತು 2012ರ ಶುಕ್ರಸಂಕ್ರಮಗಳನ್ನು ಕಂಡವರಿಗೆ ಈ ಲೆಕ್ಕವನ್ನು ವಿವರಿಸುವುದು ಸುಲಭ. ಅಂದು ಶುಕ್ರನ ಕರಿಯ ಚುಕ್ಕೆ ಸೂರ್ಯಬಿಂಬವನ್ನು ದಾಟಿದಾಗ ಸೂರ್ಯನ ಬೆಳಕಿನಲ್ಲಿ ಸುಮಾರು ಸಾವಿರದ ಒಂದು ಪಾಲು ಕುಗ್ಗಿತ್ತು. ಅನ್ಯ ನಕ್ಷತ್ರದ ಬಿಂಬವು ನಮಗೆ ಬಿಂಬವಾಗಿ ಕಾಣುವುದಿಲ್ಲ. ಕಾಣುವುದು ಬೆಳಕಿನ ಕುಗ್ಗುವಿಕೆಯೊಂದೇ. ಗುರುವು ಸೂರ್ಯನ ಮುಂದೆ ಹಾಯ್ದರೆ ನೂರರಲ್ಲೊಂದು ಪಾಲು ಬೆಳಕು ಮರೆಯಾಗುತ್ತದೆ. ಅಷ್ಟೇ ಗಾತ್ರದ ಗ್ರಹವು ವಾಸ್ಪ್-43ರಂತಹ ಚಿಕ್ಕ ನಕ್ಷತ್ರದ ಮುಂದೆ ಹಾಯ್ದಾಗ ಮರೆಯಾಗುವುದು ಎರಡೂವರೆ ಪಾಲು. ಕಿರುನಕ್ಷತ್ರಗಳತ್ತ ಸಂಶೋಧಕರ ಒಲವಿಗೆ ಇದೂ ಒಂದು ಮುಖ್ಯ ಕಾರಣ.

ಆದರೆ ಕುಗ್ಗಿನ ಆಳವು ಹೇಳುವುದು ಗ್ರಹ ಮತ್ತು ನಕ್ಷತ್ರಗಳ ತ್ರಿಜ್ಯಗಳ ಅನುಪಾತವನ್ನಷ್ಟೇ. ನಕ್ಷತ್ರದ ತ್ರಿಜ್ಯದಲ್ಲಿ ಶೇಕಡ 1ರಷ್ಟು ತಪ್ಪು ಉಳಿದರೆ ಗ್ರಹದ ಸಾಂದ್ರತೆಯಲ್ಲಿ ಅದು ಶೇಕಡ 3ರಷ್ಟಾಗುತ್ತದೆ. ಒಳಗಿನ ರಚನೆಯ ಊಹೆಗಳೆಲ್ಲ ಅದರೊಂದಿಗೆ ಅಲುಗಾಡುತ್ತವೆ. ಇದರ ಜೊತೆಗೆ ಈ ಗ್ರಹದ ಕಕ್ಷೆಯು ನಮ್ಮ ದೃಷ್ಟಿರೇಖೆಗೆ ಸುಮಾರು 8 ಡಿಗ್ರಿ ಓರೆಯಾಗಿದೆ. ಹೀಗಾಗಿ ಗ್ರಹವು ಬಿಂಬದ ನಡುವೆ ಹಾಯದೆ, ನಡುವಿಗೂ ಅಂಚಿಗೂ ಮಧ್ಯೆ ಎಲ್ಲೋ ಹಾದುಹೋಗುತ್ತದೆ. ನಕ್ಷತ್ರಬಿಂಬವು ಅಂಚಿನ ಕಡೆಗೆ ಮಬ್ಬಾಗುತ್ತ ಹೋಗುವುದರಿಂದ, ಕುಗ್ಗಿದ ಬೆಳಕಿನಲ್ಲಿ ಗ್ರಹದ ಗಾತ್ರದ ಪಾಲೆಷ್ಟು, ಅಂಚಿನ ಮಬ್ಬಿನ ಪಾಲೆಷ್ಟು ಎಂಬುದನ್ನು ಬಿಡಿಸುವುದು ಕಷ್ಟ. ಸಂಕ್ರಮದ ಇಡೀ ಅವಧಿಯಾದರೋ ಸುಮಾರು 70 ನಿಮಿಷ ಮಾತ್ರ.

ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಸುಮನ್ ಸಾಹಾ, ಅರಿತ್ರ ಚಕ್ರವರ್ತಿ ಮತ್ತು ಸುಜನ್ ಸೇನ್‌ಗುಪ್ತ ಅವರು 2021ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಮಹತ್ವ ಬರುವುದು ಇಲ್ಲಿಯೇ. ಅವರು ಆಯ್ದುಕೊಂಡ ಐದು ಬಿಸಿಗುರುಗಳಲ್ಲಿ ವಾಸ್ಪ್-43ಬಿ ಒಂದು. ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿರುವ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕ, ತಮಿಳುನಾಡಿನ ಕಾವಲೂರಿನ 1.3 ಮೀಟರ್‌ನ ಜಗದೀಶ್ ಚಂದ್ರ ಭಟ್ಟಾಚಾರ್ಯ ದೂರದರ್ಶಕ ಇವು ಅವರ ಸಾಧನಗಳು. ಹಾನ್ಲೆಯ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ಬೆಂಗಳೂರಿನ ಸಮೀಪದ ಹೊಸಕೋಟೆಯ ಕೇಂದ್ರದಿಂದ. ಹಿಮಾಲಯದಾಚೆಯ ಶೀತ ಮರುಭೂಮಿಯ ಆಕಾಶವನ್ನು ಬಯಲುಸೀಮೆಯ ಊರೊಂದರಲ್ಲಿ ಕುಳಿತು ನೋಡುವ ಈ ಏರ್ಪಾಡು ಕನ್ನಡ ನಾಡಿನಲ್ಲಿ ಇನ್ನೂ ತಕ್ಕಷ್ಟು ಪ್ರಚಾರ ಪಡೆದಿಲ್ಲ.

ನೆಲದ ಮೇಲಿನ ದೂರದರ್ಶಕಕ್ಕೆ ವಾಯುಮಂಡಲದ ಅಲುಗಾಟವೇ ಮೊದಲ ತೊಡಕು. ಅದರಿಂದ ಹುಟ್ಟುವ ಕ್ಷಣಕ್ಷಣದ ಏರಿಳಿತಗಳನ್ನು ವೇವ್‌ಲೆಟ್ ಎಂಬ ಗಣಿತವಿಧಾನದಿಂದ ಸೋಸಲಾಯಿತು. ನಕ್ಷತ್ರದ ಸ್ವಂತ ಚಟುವಟಿಕೆಯಿಂದ ಉಂಟಾಗುವ, ಒಂದರ ಬೆನ್ನಿಗೊಂದು ಸಂಬಂಧವಿರುವ ಏರಿಳಿತಗಳು ಬೇರೆ ಜಾತಿಯವು. ಅವುಗಳಿಗೆ ಗಾಸಿಯನ್ ಪ್ರಕ್ರಿಯೆಯ ವಿಧಾನವನ್ನು ಬಳಸಲಾಯಿತು. 2018ರಲ್ಲಿ ಹಾರಿಸಲಾದ ಟೆಸ್ ಉಪಗ್ರಹದ ದತ್ತಾಂಶವನ್ನೂ ಜೊತೆಗೂಡಿಸಿ ಗ್ರಹದ ಭೌತಿಕ ಪರಿಮಾಣಗಳನ್ನು ಪರಿಷ್ಕರಿಸಲಾಯಿತು. ಹೊಸ ಗ್ರಹವನ್ನು ಕಂಡುಹಿಡಿದ ಸಂಭ್ರಮ ಇಂತಹ ಕೆಲಸಕ್ಕಿಲ್ಲ. ಆದರೂ ಮುಂದಿನ ವಾಯುಮಂಡಲದ ಅಧ್ಯಯನಗಳು ನಿಲ್ಲುವುದು ಇಂತಹ ಅಳತೆಗಳ ಮೇಲೆಯೇ.

ಆ ವಾಯುಮಂಡಲವಂತೂ ವಿಲಕ್ಷಣವಾದುದು. ನಕ್ಷತ್ರದ ಸೆಳೆತಕ್ಕೆ ಕಟ್ಟುಬಿದ್ದ ಗ್ರಹವು, ಚಂದ್ರನು ಭೂಮಿಗೆ ತೋರುವಂತೆ, ಸದಾ ಒಂದೇ ಮೈಯನ್ನು ನಕ್ಷತ್ರಕ್ಕೆ ಒಡ್ಡಿರುತ್ತದೆ. ಜೇಮ್ಸ್ ವೆಬ್ ದೂರದರ್ಶಕವು ಒಂದು ದಿನಕ್ಕೂ ಮಿಕ್ಕ ಕಾಲ ಎಡೆಬಿಡದೆ ಅವಕೆಂಪು ಬೆಳಕಿನಲ್ಲಿ ಅದನ್ನು ಗಮನಿಸಿತು. ಟೇಲರ್ ಬೆಲ್ ಮತ್ತು ಸಂಗಡಿಗರು 2024ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ ಹಗಲುಮೈಯ ಉಷ್ಣತೆ ಸುಮಾರು 1,250 ಡಿಗ್ರಿ ಸೆಲ್ಸಿಯಸ್, ಇರುಳುಮೈಯದು ಸುಮಾರು 600. ಇರುಳಿನ ಭಾಗವನ್ನು ದಟ್ಟ ಮೋಡಗಳು ಮುಚ್ಚಿವೆ. ಎರಡೂ ಕಡೆ ನೀರಿನ ಆವಿಯಿದೆ. ತಂಪಾದ ಇರುಳಿನಲ್ಲಿ ರಸಾಯನಶಾಸ್ತ್ರದ ನಿಯಮದಂತೆ ಮೀಥೇನ್ ಉಂಟಾಗಬೇಕಿತ್ತು, ಅದು ಕಾಣಲಿಲ್ಲ. ಗಂಟೆಗೆ ಸುಮಾರು 8,000 ಕಿಲೋಮೀಟರ್ ವೇಗದ ಗಾಳಿಯು ಹಗಲಿನ ಅನಿಲವನ್ನು ಇರುಳಿಗೆ ಹೊತ್ತೊಯ್ಯುತ್ತದೆಂಬುದೇ ಇದಕ್ಕೆ ಸೂಚಿತವಾದ ಕಾರಣ. ಈ ವೇಗದಲ್ಲಿ ಅರ್ಧಗ್ರಹವನ್ನು ಸುತ್ತಲು ಒಂದು ದಿನಕ್ಕಿಂತ ಸ್ವಲ್ಪವೇ ಹೆಚ್ಚು ಕಾಲ ಸಾಕು. ಮೀಥೇನ್ ಕೂಡಿಬರಲು ಅಷ್ಟು ಬಿಡುವು ಸಾಲದು.

ಇಷ್ಟು ಸಮೀಪದಲ್ಲಿರುವ ಗ್ರಹವು ಕ್ರಮೇಣ ಸುರುಳಿಯಾಗಿ ಒಳಗೆ ಕುಸಿಯುತ್ತಿದೆಯೇ ಎಂಬ ಪ್ರಶ್ನೆ ಸಹಜ. ಕುಸಿಯುತ್ತಿದ್ದರೆ ಒಂದೊಂದು ಸಂಕ್ರಮವೂ ಲೆಕ್ಕಕ್ಕಿಂತ ಅತ್ಯಲ್ಪ ಮುಂಚಿತವಾಗಿ ಬರಬೇಕು. 2016ರಲ್ಲಿ ಒಂದು ತಂಡವು ಅಂತಹ ಸೂಚನೆ ಕಂಡಿತೆಂದು ವರದಿ ಮಾಡಿತು. ಅದೇ ವರ್ಷ ಸೆರ್ಜಿಯೊ ಹೋಯರ್ ಮತ್ತು ಸಂಗಡಿಗರು ಹೊಸ ಸಂಕ್ರಮಗಳನ್ನು ಸೇರಿಸಿ ನೋಡಿದಾಗ ಅವಧಿಯು ಸ್ಥಿರವಾಗಿರುವಂತೆಯೇ ತೋರಿತು. ವಿವಾದದ ಮೂಲದಲ್ಲಿದ್ದುದು ವರ್ಷಕ್ಕೆ ಸೆಕೆಂಡಿನ ನೂರನೆಯ ಕೆಲವು ಭಾಗಗಳಷ್ಟರ ವ್ಯತ್ಯಾಸ. ಅಂತಹ ವ್ಯತ್ಯಾಸವನ್ನು ಹಿಡಿಯುವುದು ಒಂದೇ ದೊಡ್ಡ ದೂರದರ್ಶಕದ ಒಂದು ರಾತ್ರಿಯ ಕೆಲಸವಲ್ಲ. ಹಾನ್ಲೆ, ಕಾವಲೂರುಗಳಂತಹ ನೆಲೆಗಳು ವರ್ಷವರ್ಷವೂ ದಾಖಲಿಸುವ ಸಂಕ್ರಮಕಾಲಗಳ ಸಾಲು ಅದಕ್ಕೆ ಬೇಕು.